ಬಚ್ಚಲುಮನೆಯ ಗೀಸರು ಮತ್ತು ಅದರ ಸುರಕ್ಷತೆ

ಸ್ನಾನಕ್ಕೆ ನೀರು ಕಾಯಿಸುವ ಕಾರ್ಯವು ಬಹುಕಾಲ ಬಚ್ಚಲೊಲೆಗೂ ಅದರ ಮೇಲಿನ ತಾಮ್ರದ ಹಂಡೆಗೂ ಸೇರಿದ್ದಿತು. ಹೊಗೆಯಿಂದ ಕಣ್ಣುರಿಯುತ್ತಿದ್ದುದೂ ಸೌದೆಗಾಗಿ ಪರದಾಡುತ್ತಿದ್ದುದೂ ನಿಜ. ಆದರೆ ಹಂಡೆಗೆ ಒಂದು ದೊಡ್ಡ ಗುಣವಿದ್ದಿತು. ಅದರ ಬಾಯಿ ತೆರೆದಿರುತ್ತಿತ್ತು. ನೀರು ಎಷ್ಟೇ ಕುದಿದರೂ ಆವಿಯು ಮೇಲಕ್ಕೆ ಹೋಗುತ್ತಿತ್ತೇ ಹೊರತು ಪಾತ್ರೆಯನ್ನು ಒಡೆಯುತ್ತಿರಲಿಲ್ಲ. ಇಂದು ಗೋಡೆಯ ಮೇಲೆ ಕುಳಿತಿರುವ ವಿದ್ಯುತ್ ಗೀಸರು ಮುಚ್ಚಿದ ಪಾತ್ರೆ. ಹಂಡೆಯ ತೆರೆದ ಬಾಯಿ ಮಾಡುತ್ತಿದ್ದ ಕೆಲಸವನ್ನು ಇದರಲ್ಲಿ ಕೆಲವು ಸಣ್ಣ ಬಿಡಿಭಾಗಗಳು ಮಾಡಬೇಕಾಗಿದೆ.

ಮೊದಲನೆಯದು ಥರ್ಮೋಸ್ಟಾಟ್. ನೀರು ಗೊತ್ತುಪಡಿಸಿದ ಉಷ್ಣತೆಗೆ ಬಂದೊಡನೆ ವಿದ್ಯುತ್ತನ್ನು ಕಡಿಯುವುದು ಇದರ ಕರ್ತವ್ಯ. ಇದು ಕೆಟ್ಟರೆ ಎರಡನೆಯ ಕಾವಲಾಗಿ ಥರ್ಮಲ್ ಕಟೌಟ್ ಇರುತ್ತದೆ. ಇವೆರಡೂ ಕೈಕೊಟ್ಟಾಗ ಒತ್ತಡವನ್ನು ಹೊರಗೆ ಬಿಡುವುದು ಸೇಫ್ಟಿ ವಾಲ್ವು, ಅಂದರೆ ಸುರಕ್ಷಾ ಕವಾಟ. ಮೂರೂ ನಿಷ್ಕ್ರಿಯವಾದರೆ ಏನಾದೀತೆಂಬುದನ್ನು ಭೌತಶಾಸ್ತ್ರವೇ ಹೇಳುತ್ತದೆ. ಸಾಮಾನ್ಯ ವಾಯುಭಾರದಲ್ಲಿ ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದು. ಒತ್ತಡವು ಅದರ ಎರಡರಷ್ಟಾದರೆ ಸುಮಾರು 120 ಡಿಗ್ರಿಯವರೆಗೂ ಕುದಿಯದೆ ನೀರಾಗಿಯೇ ಉಳಿಯುವುದು. ಅಂಥ ಟ್ಯಾಂಕು ಬಿರಿದ ಕ್ಷಣದಲ್ಲಿ ಒತ್ತಡವಿಳಿದು, ಒಳಗಿನ ನೀರಿನ ಒಂದಂಶವು ಥಟ್ಟನೆ ಆವಿಯಾಗಿ ಸುಮಾರು 1,600 ಪಟ್ಟು ಹಿಗ್ಗುವುದು. ಇದು ಸ್ಫೋಟವಲ್ಲದೆ ಬೇರೇನೂ ಅಲ್ಲ.

ಈ ಮೂರರಲ್ಲಿ ಹೆಚ್ಚು ಅಪಚಾರಕ್ಕೆ ಗುರಿಯಾಗುವುದು ಸುರಕ್ಷಾ ಕವಾಟವೇ. 25 ಲೀಟರಿನ ಗೀಸರಿನಲ್ಲಿ 25 ಡಿಗ್ರಿಯ ನೀರನ್ನು 65 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು 400 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಈ ಹೆಚ್ಚುವರಿ ನೀರಿಗೆ ತಣ್ಣೀರಿನ ಕೊಳವೆಯ ಮೂಲಕ ಮಾಳಿಗೆಯ ಟ್ಯಾಂಕಿನ ಕಡೆಗೆ ಹಿಂದಿರುಗಲು ದಾರಿಯಿದ್ದರೆ ತೊಂದರೆಯಿಲ್ಲ. ನಡುವೆ ಏಕಮುಖ ಕವಾಟವಿದ್ದರೆ ಆ ದಾರಿ ಮುಚ್ಚಿಹೋಗಿ, ಕಾಯುವಾಗ ನೀರು ಸುರಕ್ಷಾ ಕವಾಟದಿಂದ ಹನಿಹನಿಯಾಗಿ ಹೊರಬರುವುದು. ಮನೆಯವರು ಅದನ್ನು ಸೋರಿಕೆಯೆಂದು ಬಗೆದು ಆ ಬಾಯಿಗೆ ಬಿರಡೆ ಜಡಿಸಿಬಿಡುತ್ತಾರೆ! ನೆಲವೇನೋ ಒಣಗುತ್ತದೆ, ಪಾತ್ರೆಯ ಕೊನೆಯ ಬಾಯಿಯೂ ಮುಚ್ಚಿಹೋಗುತ್ತದೆ. ಕಾಯುವಾಗ ಮಾತ್ರ ತೊಟ್ಟಿಕ್ಕುವುದು ಕವಾಟವು ಜೀವಂತವಾಗಿದೆಯೆಂಬುದರ ಗುರುತು. ನೀರು ತಣ್ಣಗಿರುವಾಗಲೂ ಸುರಿಯುತ್ತಿದ್ದರೆ ಕವಾಟ ಸವೆದಿರಬೇಕು, ಇಲ್ಲವೇ ನೀರಿನ ಒತ್ತಡ ಮಿತಿಮೀರಿರಬೇಕು. 10 ಮೀಟರ್ ಎತ್ತರದ ಟ್ಯಾಂಕು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಕೊಡುತ್ತದೆ. ಬಹುಮಹಡಿ ಕಟ್ಟಡಗಳಲ್ಲಿಯೂ ಪ್ರೆಷರ್ ಪಂಪಿರುವ ಮನೆಗಳಲ್ಲಿಯೂ ಇದು ಹೆಚ್ಚುವುದರಿಂದ, ಗೀಸರಿನ ಮೇಲೆ ನಮೂದಿಸಿದ ಒತ್ತಡದ ಮಿತಿಯನ್ನು ಕೊಳ್ಳುವ ಮೊದಲೇ ನೋಡತಕ್ಕದ್ದು. ಕಟೌಟ್ ಪದೇ ಪದೇ ಬಿದ್ದುಹೋಗುತ್ತದೆಂದು ಅದರ ತಂತಿಗಳನ್ನು ನೇರವಾಗಿ ಜೋಡಿಸುವುದೂ ಬಿರಡೆ ಜಡಿದಂತೆಯೇ.

ಇನ್ನು ವಿದ್ಯುತ್ತಿನ ವಿಚಾರ. 2 ಕಿಲೋವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್, 3 ಕಿಲೋವ್ಯಾಟಿನದು 13 ಆಂಪಿಯರ್ ಎಳೆಯುತ್ತದೆ. ದೀಪ, ಫ್ಯಾನುಗಳ ತಂತಿ ಇದನ್ನು ತಾಳದು. ಪ್ರತ್ಯೇಕ ತಂತಿಯೂ 16 ಆಂಪಿಯರಿನ ಮೂರು ಕಡ್ಡಿಯ ಸಾಕೆಟ್ಟೂ ಬೇಕು. ದಪ್ಪ ಕಡ್ಡಿಯು ಭೂಸಂಪರ್ಕಕ್ಕೆ ಸೇರಿದ್ದು. ಗೋಡೆಯೊಳಗೆ ಅರ್ತಿಂಗ್ ತಂತಿಯೇ ಇಲ್ಲದಿದ್ದರೆ ಆ ಕಡ್ಡಿ ಕೇವಲ ಅಲಂಕಾರ. ಇದಲ್ಲದೆ 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಇರುವುದು ಅವಶ್ಯ, ಅದರ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಶೇಖರಣಾ ಮಾದರಿಯ ಗೀಸರಿಗೆ ಐ.ಎಸ್. 2082 ಎಂಬ ಭಾರತೀಯ ಮಾನಕವಿದೆ. ಐ.ಎಸ್.ಐ. ಗುರುತಿಲ್ಲದ ಸರಕನ್ನು ಅಗ್ಗವೆಂದು ತರಬಾರದು. ಜೋಡಣೆಯನ್ನು ಪರವಾನಗಿಯುಳ್ಳವರಿಂದಲೇ ಮಾಡಿಸತಕ್ಕದ್ದು.

ಕೊಳವೆಬಾವಿಯ ಗಡಸು ನೀರು ಕಾಯುವ ಕಂಬಿಯ ಮೇಲೆ ಸುಣ್ಣದಂಥ ಪದರವನ್ನು ಕಟ್ಟುತ್ತದೆ. ಅನೇಕ ಗೀಸರುಗಳ ಟ್ಯಾಂಕಿನೊಳಗೆ ಮೆಗ್ನೀಸಿಯಂ ಸರಳೊಂದು ತಾನು ಸವೆದು ಟ್ಯಾಂಕಿನ ಉಕ್ಕನ್ನು ತುಕ್ಕಿನಿಂದ ಕಾಯುತ್ತಿರುತ್ತದೆ. ವರ್ಷಕ್ಕೊಮ್ಮೆ ಎರಡನ್ನೂ ಬಿಚ್ಚಿ ನೋಡಿಸುವುದು ಲೇಸು.

ಅನಿಲದ ಗೀಸರಿನ ಅಪಾಯ ಬೇರೆ ಬಗೆಯದು. ಉರಿಗೆ ಸಾಕಷ್ಟು ಗಾಳಿ ದೊರೆಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿಯುತ್ತದೆ. ಚಳಿಗೆಂದು ಕಿಟಕಿ ಮುಚ್ಚಿದ ಸಣ್ಣ ಬಚ್ಚಲುಮನೆಯಲ್ಲಿ ಸ್ನಾನಕ್ಕೆ ಹೋದವರು ಕೂಗುವ ಶಕ್ತಿಯೂ ಇಲ್ಲದೆ ಕುಸಿಯುವುದು ಇದರಿಂದಲೇ. ಆದುದರಿಂದ ಈ ಗೀಸರನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವೆಡೆಯಲ್ಲಿ ಇರಿಸಿ, ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಕ್ಕೆ ತರಬೇಕು. ಸ್ನಾನ ಮಾಡುವಾಗ ತಲೆ ಸುತ್ತಿದರೆ ಮೊದಲು ಬಾಗಿಲು ತೆರೆದು ಹೊರಗೆ ಬರತಕ್ಕದ್ದು. ನಲ್ಲಿ ನಿಲ್ಲಿಸುವುದನ್ನು ಇತರರು ನೋಡಿಕೊಳ್ಳಬಹುದು.