ಪಾಠಕ್ಕೆ ಕೂರದೆ ಪಾಸಾಗುವ ದಾರಿ

ಹೋದ ತಿಂಗಳು ಸಂಘದ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ಪ್ರಥಮ ವರ್ಷದ ಗೆಳೆಯನೊಬ್ಬ ಕೇಳಿದ: "ಅಮೆರಿಕದಲ್ಲಿ ಕ್ಲಾಸಿಗೇ ಹೋಗದೆ ಬರೀ ಪರೀಕ್ಷೆ ಬರೆದು ಡಿಗ್ರಿಯ ಎಷ್ಟೋ ಭಾಗ ಮುಗಿಸ್ತಾರಂತೆ, ಹೌದೇನ್ರೀ?" ಸುತ್ತ ಇದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಯಾಕೆಂದರೆ ಹೀಗೇ ಒಂದು ಪರೀಕ್ಷೆ ಬರೆದು, ಪಾಸೂ ಆಗಿ, ಸರ್ಟಿಫಿಕೇಟನ್ನು ಮನೆಯ ಟ್ರಂಕಿನಲ್ಲಿಟ್ಟುಕೊಂಡು ಕೂತವನು ನಾನು. ಆ ಕಥೆ ಆಮೇಲೆ. ಮೊದಲು ಗೆಳೆಯನ ಪ್ರಶ್ನೆಗೆ ಉತ್ತರ.

ಹೌದು, ಸುಳ್ಳೇನಲ್ಲ. ಅಲ್ಲಿ ಪದವಿ ಎಂದರೆ ವರ್ಷಗಳ ಲೆಕ್ಕಕ್ಕಿಂತ ಕ್ರೆಡಿಟ್‌ಗಳ ಲೆಕ್ಕ. ಸಾಮಾನ್ಯವಾಗಿ 120 ಕ್ರೆಡಿಟ್ ಕೂಡಿಸಿದರೆ ಪದವಿ. ಒಂದು ವಿಷಯವನ್ನು ಒಂದು ಸೆಮಿಸ್ಟರ್ ಓದಿದರೆ ಬಹುತೇಕ 3 ಕ್ರೆಡಿಟ್. ಕಾಲೇಜು ಶುಲ್ಕ ವಸೂಲು ಮಾಡುವುದೂ ಎಷ್ಟೋ ಕಡೆ ಕ್ರೆಡಿಟ್ ಲೆಕ್ಕದಲ್ಲೇ, ನಮ್ಮ ಭಾಜಿ ಮಾರುಕಟ್ಟೆಯಲ್ಲಿ ಪಾವಿನ ಲೆಕ್ಕದಲ್ಲಿ ತೂಗಿದ ಹಾಗೆ. ಮೂರು ಕ್ರೆಡಿಟ್ಟಿನ ಒಂದು ವಿಷಯಕ್ಕೆ ಸಾವಿರಾರು ಡಾಲರು ತೆತ್ತವರು ಬಹಳ ಮಂದಿ. ಇಂಥಲ್ಲಿ, "ಈ ವಿಷಯ ನನಗೆ ಆಗಲೇ ಬರುತ್ತೆ, ಪರೀಕ್ಷೆ ಮಾಡಿ ನೋಡ್ಕೊಳ್ಳಿ, ಕ್ರೆಡಿಟ್ ಕೊಡಿ" ಎನ್ನುವುದಕ್ಕೆ ಒಂದು ಅಧಿಕೃತ ಬಾಗಿಲಿದೆ. ಅದರ ಹೆಸರು ಕ್ಲೆಪ್. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1967ರಿಂದ ಇದನ್ನು ನಡೆಸುತ್ತಿದೆ. ಸುಮಾರು 34 ವಿಷಯಗಳು: ಬೀಜಗಣಿತ, ಮನಶ್ಶಾಸ್ತ್ರ, ಅಮೆರಿಕದ ಇತಿಹಾಸ, ಅರ್ಥಶಾಸ್ತ್ರ, ಲೆಕ್ಕಪತ್ರ ಹೀಗೆ, ಹೆಚ್ಚಾಗಿ ಮೊದಲೆರಡು ವರ್ಷದ ಪಾಠಗಳು. ಹೆಚ್ಚಿನವು ಒಂದೂವರೆ ಗಂಟೆಯ ಪರೀಕ್ಷೆ, ಬಹುಪಾಲು ಸರಿಯುತ್ತರ ಆರಿಸುವ ಪ್ರಶ್ನೆಗಳು. ಶುಲ್ಕ ನೂರು ಡಾಲರಿಗಿಂತ ಚೂರು ಕಮ್ಮಿ, ಕೇಂದ್ರದವರು ತಮ್ಮದೊಂದು ಸಣ್ಣ ಶುಲ್ಕ ಸೇರಿಸುವುದುಂಟು. ಭಾಷೆಗಳಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಮೂರೇ. ಕನ್ನಡ ಇಲ್ಲ, ಕೇಳಿ ಸಂಕಟಪಡಬೇಡಿ.

ಈಗ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಗುಟ್ಟಿರುವುದು ಇಲ್ಲೇ. ನಮ್ಮಲ್ಲಿ ಪರೀಕ್ಷೆ ಎಂದರೆ ನೂರಕ್ಕೆ ಇಷ್ಟು ಎಂಬ ಲೆಕ್ಕ. ಒಂದು ವರ್ಷ ಪ್ರಶ್ನೆಪತ್ರಿಕೆ ಸಲೀಸು, ಮರುವರ್ಷ ಕಬ್ಬಿಣದ ಕಡಲೆ. ನಮ್ಮ ನಸೀಬು ಇದ್ದ ಹಾಗೆ. ಪ್ರಮಾಣೀಕೃತ ಪರೀಕ್ಷೆ ಎಂಬುದು ಈ ನಸೀಬಿನ ಆಟವನ್ನು ಆದಷ್ಟು ಕಡಿಮೆ ಮಾಡಲು ಹೊರಟದ್ದು. ಕ್ಲೆಪ್ ಅಂಕ 20ರಿಂದ ಶುರುವಾಗಿ 80ಕ್ಕೆ ಮುಗಿಯುತ್ತದೆ. ಎಷ್ಟು ಉತ್ತರ ಸರಿ ಎಂದು ಮೊದಲು ಎಣಿಸುತ್ತಾರೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಆಮೇಲೆ ಆ ಎಣಿಕೆಯನ್ನು, ಪತ್ರಿಕೆ ಎಷ್ಟು ಕಠಿಣವಾಗಿತ್ತು ಎಂಬುದನ್ನು ನೋಡಿ, ಈ ಅಳತೆಪಟ್ಟಿಗೆ ಇಳಿಸುತ್ತಾರೆ. ಹಾಗಾಗಿ 50 ಬಂತು ಎಂದರೆ ಅರ್ಧ ಪ್ರಶ್ನೆಗೆ ಉತ್ತರ ಬರೆದ ಎಂದಲ್ಲ. ಅದೇ ವಿಷಯವನ್ನು ಕ್ಲಾಸಿನಲ್ಲಿ ಕೂತು ಓದಿ, 'ಸಿ' ದರ್ಜೆಯಲ್ಲಿ ಪಾಸಾದ ಹುಡುಗನಿಗೆ ಎಷ್ಟು ಬರುತ್ತದೋ ಅಷ್ಟು ಇವನಿಗೂ ಬರುತ್ತದೆ ಎಂದರ್ಥ. ಆ ಗೆರೆಯನ್ನು ಎಳೆಯುವವರು ಕಾಲೇಜಿನಲ್ಲಿ ಆ ಪಾಠ ಹೇಳುವ ಅಧ್ಯಾಪಕರೇ. ಅಮೆರಿಕದ ಶಿಕ್ಷಣ ಮಂಡಳಿಯವರು ಕ್ರೆಡಿಟ್ಟಿಗೆ ಸಾಮಾನ್ಯವಾಗಿ ಶಿಫಾರಸು ಮಾಡುವುದೂ ಇದೇ 50ನ್ನು.

ಶಿಫಾರಸು ಎಂದೆ, ಗಮನಿಸಿ. ಪರೀಕ್ಷೆ ನಡೆಸುವವರು ಬೇರೆ, ಕ್ರೆಡಿಟ್ ಕೊಡುವವರು ಬೇರೆ. ಒಂದು ಕಾಲೇಜು 50ಕ್ಕೆ ಒಪ್ಪಿದರೆ ಇನ್ನೊಂದು ಇನ್ನೂ ಹೆಚ್ಚು ಕೇಳಬಹುದು, ಮತ್ತೊಂದು ಕ್ಲೆಪ್ಪನ್ನೇ ಒಪ್ಪದಿರಬಹುದು. ದೊಡ್ಡ ಹೆಸರಿನ ಎಷ್ಟೋ ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. ಒಪ್ಪುವವರೂ ಒಟ್ಟು ಇಷ್ಟೇ ಎಂದು ಮಿತಿ ಹಾಕುತ್ತಾರೆ. ಸಿಕ್ಕ ಕ್ರೆಡಿಟ್ಟಿಗೆ ಸಾಧಾರಣವಾಗಿ ದರ್ಜೆ ಇರುವುದಿಲ್ಲ. 80 ಬಂದರೂ 50 ಬಂದರೂ ಬರೆಯುವುದು 'ಕ್ರೆಡಿಟ್' ಅಂತ ಒಂದೇ ಮಾತು. ಫೇಲಾದರೆ ಅದೇ ವಿಷಯಕ್ಕೆ ಮತ್ತೆ ಕೂರಲು ಮೂರು ತಿಂಗಳು ಕಾಯಬೇಕು.

ಹಾಗಾದರೆ ಇದರಿಂದ ಲಾಭ ಯಾರಿಗೆ? ಹಗಲು ದುಡಿಯುವವರಿಗೆ, ಮಕ್ಕಳನ್ನು ಸಾಕಿ ನಲವತ್ತರ ವಯಸ್ಸಿನಲ್ಲಿ ಪದವಿಗೆ ಹೊರಟ ತಾಯಂದಿರಿಗೆ, ಸೈನಿಕರಿಗೆ. ಸೈನ್ಯದಲ್ಲಿರುವವರಿಗೆ ಮೊದಲ ಸಲದ ಶುಲ್ಕವನ್ನು ಸರಕಾರವೇ ಕಟ್ಟುತ್ತದೆ. ಮಾಡರ್ನ್ ಸ್ಟೇಟ್ಸ್ ಎಂಬ ಸೇವಾಸಂಸ್ಥೆಯೊಂದು ಉಚಿತವಾಗಿ ಪಾಠ ಹೇಳಿ, ಪಾಠ ಮುಗಿಸಿದವರಿಗೆ ಪರೀಕ್ಷೆಯ ಶುಲ್ಕದ ವೋಚರನ್ನೂ ಕೊಡುತ್ತ ಬಂದಿದೆ. ನಮ್ಮಿಂದ ಎಂ.ಎಸ್. ಮಾಡಲು ಹೊರಟ ಅಣ್ಣಂದಿರಿಗೆ ಮಾತ್ರ ಇದು ಉಪಯೋಗಕ್ಕಿಲ್ಲ, ಇದು ಮೊದಲ ಪದವಿಯ ಪಾಠಗಳಿಗೆ ಸಂಬಂಧಿಸಿದ್ದು.

ಯೋಚನೆ ಹೊಸದೇನೂ ಅಲ್ಲ. ಎಲ್ಲಿ ಓದಿದೆ ಎಂದು ಕೇಳದೆ ಪರೀಕ್ಷೆಗೆ ಕೂರಿಸುವುದನ್ನು ಲಂಡನ್ ವಿಶ್ವವಿದ್ಯಾಲಯ 1858ರಲ್ಲೇ ಶುರುಮಾಡಿತು. ನಮ್ಮ ಮುಂಬಯಿ ವಿಶ್ವವಿದ್ಯಾಲಯ 1857ರದು. ಅದೂ ಲಂಡನ್ನಿನ ಮಾದರಿಯದೇ, ಮೊದಮೊದಲು ಪಾಠ ಹೇಳುವ ಜಾಗವಾಗಿರದೆ ಪರೀಕ್ಷೆ ನಡೆಸಿ ಪದವಿ ಕೊಡುವ ಜಾಗವಾಗಿತ್ತು, ಪಾಠವೆಲ್ಲ ಕಾಲೇಜುಗಳಲ್ಲಿ. ಇನ್ನು ಈ ಊರಿನ ನಮ್ಮ ಹಿಂದಿನ ತಲೆಮಾರನ್ನು ನೆನೆಯಿರಿ. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ನೈಟ್ ಸ್ಕೂಲಿನ ಬೆಂಚಿನ ಮೇಲೆ ತೂಕಡಿಸುತ್ತ ಓದಿ ಮೆಟ್ರಿಕ್ ಬರೆದರು. ಗಲ್ಲಾದಲ್ಲಿ ಕೂತ ಧಣಿಗೆ ಅವರು ಕ್ಲಾಸಿನಲ್ಲಿ ಎಷ್ಟು ಗಂಟೆ ಕೂತರೆಂಬುದು ಬೇಕಿರಲಿಲ್ಲ, ಬ್ಯಾಂಕಿನಲ್ಲಿ ಕೆಲಸ ಕೊಟ್ಟವರಿಗೂ ಬೇಕಿರಲಿಲ್ಲ. ನನ್ನ ತಂದೆ ಹಾಗೆ ಓದಿದವರೇ. ಅವರ ಅಭಿಪ್ರಾಯದಲ್ಲಿ ಪರೀಕ್ಷೆ ಎಂಬುದು ಬಡವನ ಪಕ್ಷದ ಸಾಕ್ಷಿ. ನಾನು ಪೂರ್ತಿ ಒಪ್ಪುವುದಿಲ್ಲ, ಆದರೆ ಮನೆಯಲ್ಲಿ ವಾದ ಮಾಡುವುದನ್ನು ಬಿಟ್ಟಿದ್ದೇನೆ.

ಸರಿ, ನಮ್ಮ ಸಂಗತಿಗೆ ಬರೋಣ. ಕ್ಲೆಪ್ಪಿನಂಥದೇ ಅಲ್ಲ, ಆದರೆ ಅದರ ದಾಯಾದಿ ಎನ್ನಬಹುದಾದದ್ದು ನಮ್ಮಲ್ಲೂ ಇದೆ. ಕೇಂದ್ರ ಸರಕಾರ 2017ರ ಜುಲೈಯಲ್ಲಿ ಸ್ವಯಂ ಎಂಬ ವೇದಿಕೆಯನ್ನು ತೆರೆಯಿತು. ಅದರಲ್ಲಿ ದೊಡ್ಡ ಪಾಲು ಎನ್‌ಪಿಟೆಲ್‌ನದು. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವಂಥದು. ಪಾಠ ಪೂರ್ತಿ ಉಚಿತ. ಪರೀಕ್ಷೆ ಬೇಕೆಂದರೆ ಮಾತ್ರ ದುಡ್ಡು: ನಾನು ಕಟ್ಟಿದ್ದು ಸಾವಿರ ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೂ ಅಂಗವಿಕಲರಿಗೂ ಅದರ ಅರ್ಧ. ವಾರವಾರವೂ ಮನೆಗೆಲಸ ಒಪ್ಪಿಸಬೇಕು, ಅದಕ್ಕೆ 25 ಅಂಕ. ಕೊನೆಗೆ ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಮನೆಗೆಲಸದಲ್ಲಿ 10, ಪರೀಕ್ಷೆಯಲ್ಲಿ 30, ಎರಡೂ ಬೇರೆಬೇರೆಯಾಗಿ ಬರಬೇಕು. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ. 4 ವಾರದ ಪಾಠಕ್ಕೆ 1 ಕ್ರೆಡಿಟ್, 8 ವಾರಕ್ಕೆ 2, 12 ವಾರಕ್ಕೆ 3, ಇದು ರೂಢಿಯ ಲೆಕ್ಕ. ಯುಜಿಸಿ 2016ರ ನಿಯಮದಲ್ಲಿ ಶೇಕಡಾ 20ರಷ್ಟನ್ನು ಹೀಗೆ ಹೊರಗಿನಿಂದ ಗಳಿಸಬಹುದು ಎಂದಿತ್ತು, 2021ರಲ್ಲಿ ಅದನ್ನು 40ಕ್ಕೆ ಏರಿಸಿತು. ಅದೇ ವರ್ಷ ಕ್ರೆಡಿಟ್ ಇಡಲು ಒಂದು ಬ್ಯಾಂಕನ್ನೂ ತೆರೆದರು, ಪ್ರತಿ ವಿದ್ಯಾರ್ಥಿಗೆ ಒಂದು ಖಾತೆ ಸಂಖ್ಯೆ. ಬಡ್ಡಿ ಮಾತ್ರ ಇಲ್ಲ!

ಈಗ ನನ್ನ ಟ್ರಂಕಿನ ಕಥೆ. ದ್ವಿತೀಯ ವರ್ಷದಲ್ಲಿ ಶನಿವಾರ ಮಧ್ಯಾಹ್ನ ನನಗೆ ಒಂದು ಐಚ್ಛಿಕ ವಿಷಯದ ಕ್ಲಾಸಿತ್ತು. ಅದೊಂದು ತಪ್ಪಿದರೆ ಶನಿವಾರ ಇಡೀ ದಿನ ಅಂಗಡಿಯಲ್ಲಿ ಕೆಲಸ ಮಾಡಬಹುದಿತ್ತು, ತಂಗಿಯ ಫೀಸಿಗೆ ಆಗುತ್ತಿತ್ತು. ಸರಿ, ಮನಶ್ಶಾಸ್ತ್ರದ 8 ವಾರದ ಪಾಠವೊಂದಕ್ಕೆ ಹೆಸರು ಕೊಟ್ಟೆ. ಡೊಂಬಿವಲಿಯಿಂದ ಬರುವ ಲೋಕಲ್ ಗಾಡಿಯಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನು, ಕಿವಿಯಲ್ಲಿ ಐಐಟಿಯ ಪ್ರಾಧ್ಯಾಪಕರು. ಹಾಗೇ ಎಂಟು ವಾರ. 68 ಬಂತು, ಪೇಡಾ ಹಂಚಿದೆ. ಸರ್ಟಿಫಿಕೇಟು ಹಿಡಿದು ಕಾಲೇಜಿನ ಕಚೇರಿಗೆ ಹೋದರೆ ಗುಮಾಸ್ತರು ಕನ್ನಡಕ ಮೇಲೇರಿಸಿ ಎರಡು ಪ್ರಶ್ನೆ ಕೇಳಿದರು. "ಸೇರುವ ಮೊದಲು ವಿಭಾಗದವರ ಒಪ್ಪಿಗೆ ತಗೊಂಡಿದ್ರಾ?" ಇಲ್ಲ. "ನಿಮ್ಮ ಐಚ್ಛಿಕ 3 ಕ್ರೆಡಿಟ್ಟಿನದು, ಇದು 2ರದು, ಉಳಿದ 1 ಎಲ್ಲಿ?" ಅದಕ್ಕೂ ಉತ್ತರವಿಲ್ಲ. ಶನಿವಾರದ ಕ್ಲಾಸಿಗೆ ಕೂತೆ. ಅಂಗಡಿಯ ಕೆಲಸ ಬೇರೆ ಹುಡುಗನ ಪಾಲಾಯಿತು.

ಆ ಗುಮಾಸ್ತರದು ತಪ್ಪೆಂದು ಆಗ ಬೈದುಕೊಂಡೆ. ಈಗ ಹಾಗನ್ನಿಸುವುದಿಲ್ಲ. ಯುಜಿಸಿ 40 ಎಂದದ್ದು ಮೇಲಿನ ಮಿತಿ. ಯಾವ ಪಾಠ ನಮ್ಮ ಯಾವ ವಿಷಯಕ್ಕೆ ಸಮ ಎಂದು ತೀರ್ಮಾನಿಸುವುದು ನಮ್ಮ ವಿಶ್ವವಿದ್ಯಾಲಯ, ನಮ್ಮ ಕಾಲೇಜು. ಕ್ಲೆಪ್‌ನಲ್ಲಿ ಕಂಡ ಸಂಗತಿಯೇ ಇದು, ಪರೀಕ್ಷೆ ಒಬ್ಬರದು, ಕ್ರೆಡಿಟ್ ಇನ್ನೊಬ್ಬರದು. ನಾನು ಮೊದಲನೆಯವರ ನಿಯಮವನ್ನೆಲ್ಲ ಬಾಯಿಪಾಠ ಮಾಡಿ, ಎರಡನೆಯವರ ಬಾಗಿಲು ತಟ್ಟುವುದನ್ನೇ ಮರೆತಿದ್ದೆ. ಆದ್ದರಿಂದ ನೀವು ಹೋಗುವುದಾದರೆ ಮೊದಲು ವಿಭಾಗಕ್ಕೆ ಹೋಗಿ. ಪಾಠದ ಹೆಸರು, ವಾರಗಳ ಸಂಖ್ಯೆ, ಯಾವ ವಿಷಯದ ಬದಲು ಎಂಬುದನ್ನು ಬರೆದು ಅರ್ಜಿ ಕೊಡಿ, ಒಪ್ಪಿಗೆಯನ್ನು ಸಹಿ ಸಮೇತ ಕಾಗದದ ಮೇಲೆ ತೆಗೆದುಕೊಳ್ಳಿ. "ಆಗ್ತದೆ ಹೋಗು ಮಾರಾಯ" ಎಂಬ ಬಾಯಿಮಾತನ್ನು ನಂಬಬೇಡಿ, ಹಾಗಂದ ಮೇಷ್ಟ್ರು ಮುಂದಿನ ಸೆಮಿಸ್ಟರಿಗೆ ವರ್ಗವಾಗಿರುತ್ತಾರೆ. ಆಮೇಲೆ ಹೆಸರು ಕೊಡಿ, ಪರೀಕ್ಷೆಯ ಸಾವಿರ ರೂಪಾಯಿಯನ್ನು ಎಲ್ಲಕ್ಕಿಂತ ಕೊನೆಗೆ ಕಟ್ಟಿ. ಪಾಠ ಹೇಗಿದೆ ಎಂದು ಕೆಲವು ವಾರ ಕೇಳಿ ನೋಡುವುದಕ್ಕೆ ಕಾಸು ಬೇಡ, ಶುಲ್ಕದ ಕೊನೆಯ ದಿನ ಮಾತ್ರ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಎಲ್ಲ ವಿಷಯವನ್ನೂ ಹೀಗೆ ಮುಗಿಸಿ ಎಂದು ನಾನು ಹೇಳಲಾರೆ. ಲೆಕ್ಕ, ಕಂಪ್ಯೂಟರು, ಮನಶ್ಶಾಸ್ತ್ರದ ಪ್ರವೇಶಿಕೆ, ಇಂಥವು ರೈಲಿನಲ್ಲಿ ನಿಂತೂ ತಲೆಗೆ ಹೋಗುತ್ತವೆ. ಕಾವ್ಯದ ಕ್ಲಾಸು ಹಾಗಲ್ಲ. ಅಲ್ಲಿ ಪಕ್ಕದವನು ಕೇಳಿದ ಪೆದ್ದು ಪ್ರಶ್ನೆಯಿಂದ ಎಷ್ಟೋ ಸಲ ಪದ್ಯ ತೆರೆದುಕೊಂಡಿದೆ. ಹೇಳಬೇಕೆಂದರೆ, ಬಲವಂತವಾಗಿ ಕೂತ ಆ ಶನಿವಾರದ ಕ್ಲಾಸಿನಲ್ಲೇ ನನಗೆ ಈ ಸಂಘದ ಕಾರ್ಯದರ್ಶಿಯ ಪರಿಚಯವಾದದ್ದು. ಅದರಿಂದ ತಂಗಿಯ ಫೀಸೇನೂ ತುಂಬಲಿಲ್ಲ, ಅದೂ ನಿಜ.

ಈ ಸಲ ಅರ್ಜಿ ಕೊಟ್ಟಿದ್ದೇನೆ, 12 ವಾರದ್ದು. ಒಪ್ಪಿಗೆಯ ಕಾಗದದ ಒಂದು ನಕಲು ಸಂಘದ ಕೋಣೆಯ ಕಪಾಟಿನಲ್ಲಿ, ಹಳೆಯ ಸಂಚಿಕೆಗಳ ಕೆಳಗೆ ಇಟ್ಟಿದ್ದೇನೆ. ಒಕ್ಕಣೆ ಬೇಕಾದವರು ನೋಡಿ ಬರೆದುಕೊಳ್ಳಬಹುದು. ಮೂಲ ಪ್ರತಿ ಟ್ರಂಕಿನಲ್ಲಿದೆ.