ಬೇಕಾದ ಹೊತ್ತಿಗೇ ಕೈಬಿಟ್ಟರೆ?

ಕೆಂಗೇರಿಯಲ್ಲಿರುವ ನನ್ನ ಅಕ್ಕನ ಮಗನಿಗೆ ಸೆರೆಬ್ರಲ್ ಪಾಲ್ಸಿ. ಇದರಲ್ಲಿ ಮಿದುಳಿಗಾದ ಹಾನಿ ವಯಸ್ಸಾದಂತೆ ಹೆಚ್ಚಾಗಲ್ಲ, ದೇಹ ಬದಲಾಗುತ್ತೆ. ಹದಿಹರೆಯದಲ್ಲಿ ಮೂಳೆ ಬೇಗ ಉದ್ದವಾಗುತ್ತೆ, ಬಿಗಿದ ಸ್ನಾಯು ಆ ವೇಗಕ್ಕೆ ಬೆಳೆಯಲ್ಲ. ಹನ್ನೆರಡಕ್ಕೆ ನಡೆಯುತ್ತಿದ್ದವನಿಗೆ ಹದಿನೈದಕ್ಕೆ ಮೊಣಕಾಲು ನೆಟ್ಟಗಾಗಲಿಲ್ಲ. ಫಿಸಿಯೋಥೆರಪಿ ಹೆಚ್ಚು ಬೇಕಾದದ್ದು ಆಗಲೇ, ನಿಂತದ್ದೂ ಆಗಲೇ. ಅಷ್ಟು ದೊಡ್ಡ ಹುಡುಗನನ್ನು ಎತ್ತಿ ಬಸ್ ಹತ್ತಿಸೋದು ಅಕ್ಕನಿಂದ ಆಗಲಿಲ್ಲ.

ಕಾನೂನಿನ ಲೆಕ್ಕವೂ ಹಾಗೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಉಚಿತ ಶಿಕ್ಷಣದ ಹಕ್ಕು 6ರಿಂದ 18 ವರ್ಷದವರೆಗೆ. ಆಪರೇಷನ್ ಅಂತ ಎರಡು ವರ್ಷ ಕಳೆದುಕೊಂಡವನು ಅಷ್ಟರಲ್ಲಿ ಪಿಯುಸಿ ಮುಗಿಸೋದು ಹೇಗೆ?

18 ತುಂಬಿದ ಮೇಲೆ ‘ಗಾರ್ಡಿಯನ್‌ಶಿಪ್ ಮಾಡಿಸಿಬಿಡಿ’ ಅನ್ನೋ ಸಲಹೆ ಬೇರೆ. ಆದರೆ ಆ ವ್ಯಕ್ತಿಗೆ ಗಾರ್ಡಿಯನ್ ಬೇಕೇ ಅನ್ನೋದನ್ನ ಸ್ಥಳೀಯ ಸಮಿತಿ ಪರಿಶೀಲಿಸಲೇಬೇಕು ಅನ್ನುತ್ತೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ. ನಮ್ಮ ಹುಡುಗನ ಮಾತು ತೊದಲುತ್ತೆ, ಅಷ್ಟೇ. ವೋಟರ್ ಐಡಿ ಅರ್ಜಿಯನ್ನ ಅವನೇ ತುಂಬಿದ.