ಗಿರಣಿಯೊಳಗಿನ ಮೂಗು ಮತ್ತು ಕಿವಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಸೀಮೆಯಲ್ಲಿ ಭತ್ತದ ಹಿಂದೆಯೇ ಅಕ್ಕಿ ಗಿರಣಿಗಳೂ ಬಂದವು. ಮಾನ್ವಿಯದಾಗಲಿ ರಾಯಚೂರಿನದಾಗಲಿ, ಗಿರಣಿಯೊಳಗೆ ಕಾಲಿಟ್ಟರೆ ಹೊಟ್ಟಿನ ದೂಳು ಮೂಗಿಗೆ, ಯಂತ್ರದ ಗದ್ದಲ ಕಿವಿಗೆ ಒಟ್ಟೊಟ್ಟಿಗೇ ನುಗ್ಗುತ್ತವೆ. ಹಮಾಲರು ಮೂಗಿಗೆ ಟವೆಲ್ ಸುತ್ತಿಕೊಳ್ಳುತ್ತಾರೆ. ಶ್ವಾಸಕೋಶದ ದೃಷ್ಟಿಯಿಂದ ಅದು ಸರಿಯೇ. ಆದರೆ ಕಿವಿಯ ಗೊಡವೆ ಯಾರಿಗೂ ಇಲ್ಲ.

ಮೂಗು ತನ್ನನ್ನು ತಾನೇ ನೋಡಿಕೊಳ್ಳಬಲ್ಲದು. ದಪ್ಪ ಕಣಗಳನ್ನು ಹೊಳ್ಳೆಯ ಕೂದಲು ತಡೆಯುತ್ತದೆ. ಸಣ್ಣವು ಸಿಂಬಳಕ್ಕೆ ಅಂಟಿ, ಸೂಕ್ಷ್ಮ ರೋಮಗಳ ಬೀಸಿಗೆ ಗಂಟಲತ್ತ ಜಾರುತ್ತವೆ. ವಾಸನೆ ಹಿಡಿಯುವ ನರಕೋಶಗಳಿರುವುದು ಮೂಗಿನ ಚಾವಣಿಯ ಸಣ್ಣ ಪಟ್ಟಿಯಲ್ಲಿ. ಅವುಗಳ ಗ್ರಾಹಕಗಳಲ್ಲಿ ಸುಮಾರು 400 ಬಗೆ. ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್‌ರಿಗೆ 2004ರಲ್ಲಿ ನೊಬೆಲ್ ಬಂತು. ಗಾಳಿಗೆ ಒಡ್ಡಿಕೊಂಡ ಈ ಕೋಶಗಳು ಸಾಯುತ್ತಲೇ ಇರುತ್ತವೆ, ಬುಡದ ಕಾಂಡಕೋಶಗಳಿಂದ ಹೊಸವು ಹುಟ್ಟುತ್ತಲೇ ಇರುತ್ತವೆ. (ದೇವದುರ್ಗದ ಮೆಣಸಿನಕಾಯಿ ರಾಶಿಯ ಘಾಟು ಮಾತ್ರ ವಾಸನೆಯಲ್ಲ, ಅದನ್ನು ಮಿದುಳಿಗೆ ಮುಟ್ಟಿಸುವುದು ಉರಿ-ನೋವಿನ ನರ.)

ಕಿವಿಯದು ಬೇರೆ ಕತೆ. ಕಿವಿತಮಟೆಯ ಅದುರು ಮೂರು ಪುಟ್ಟ ಎಲುಬುಗಳ ಮೂಲಕ ಒಳಗಿವಿಯ ಕಾಕ್ಲಿಯಾಕ್ಕೆ ದಾಟುತ್ತದೆ. ಎರಡೂವರೆ ಸುತ್ತಿನ ಈ ನಳಿಕೆಯನ್ನು ಬಿಚ್ಚಿ ನೀಟಾಗಿಸಿದರೆ ಸುಮಾರು 35 ಮಿಲಿಮೀಟರ್. ಅದರೊಳಗೆ ಸದ್ದು ಹಿಡಿಯುವ ಹದಿನೈದು ಸಾವಿರದಷ್ಟು ರೋಮಕೋಶಗಳು. ಹುಟ್ಟುವಾಗ ಬಂದದ್ದಷ್ಟೇ, ಸತ್ತರೆ ಮತ್ತೆ ಬೆಳೆಯುವುದಿಲ್ಲ. ಕೋಳಿಯ ಕಿವಿಯಲ್ಲಿ ಬೆಳೆಯುತ್ತವೆ, ನಮ್ಮಲ್ಲಿಲ್ಲ!

ಗದ್ದಲ ಮೊದಲು ಕೊಲ್ಲುವುದು 4,000 ಹರ್ಟ್ಸ್ ಆಸುಪಾಸಿನ ಸದ್ದು ಹಿಡಿಯುವ ಕೋಶಗಳನ್ನು. ದನಿ ಕೇಳುತ್ತದೆ, 'ಸ', 'ಶ', 'ತ' ಜಾರಿಹೋಗುತ್ತವೆ. "ಕೇಳಿಸ್ತದ, ಆದ್ರ ಏನಂತಾರ ತಿಳೀವಲ್ದು" ಎನ್ನುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ನೋವಿಲ್ಲದ ಕಾರಣ ಮನೆಯವರು ವಯಸ್ಸಿನ ಮೇಲೆ ಹಾಕುತ್ತಾರೆ. ಕಾರ್ಖಾನೆಯ ಮ್ಯಾನೇಜರ್ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ 1948ರ ಕಾರ್ಖಾನೆ ಕಾಯ್ದೆ ಈ ಕಿವುಡನ್ನೂ ಸೇರಿಸಿತ್ತು.

ಗದ್ದಲ ಅಪಾಯದ ಮಟ್ಟ ಮುಟ್ಟಿದೆಯೇ ಎಂದು ತಿಳಿಯಲು ಮೀಟರ್ ಬೇಕಿಲ್ಲ. ಕೈಯಳತೆಯಲ್ಲಿ ನಿಂತವರೊಡನೆ ಕೂಗಿ ಮಾತಾಡಬೇಕಾದರೆ ಸದ್ದು 85 ಡೆಸಿಬೆಲ್ ಆಸುಪಾಸು ಮುಟ್ಟಿದೆ ಎಂದೇ ಲೆಕ್ಕ. ಹತ್ತಿಯುಂಡೆ ಸಾಲದು. ಫೋಮ್ ಪ್ಲಗ್ಗನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಒತ್ತಿ ಹಿಡಿಯಬೇಕು.